ಮೊದಲು ಹೊರಟವರು ಮಕ್ಕಳು

ಬೊರಿವಲಿ
೨೦ ಫೆಬ್ರವರಿ ೧೯೬೯

ಪ್ರೀತಿಯ ಅಕ್ಕನಿಗೆ ಸರಸ್ವತಿಯ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರಿಸದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಗಡಿ ವಿಷಯಕ್ಕೆ ಇಲ್ಲಿ ಕನ್ನಡದವರ ಮೇಲೆ ಎದ್ದ ಗಲಾಟೆ ಈಗ ತಣ್ಣಗಾಗಿದೆ. ನಾವೆಲ್ಲ ಕ್ಷೇಮ. ಇವರು ದಿನಾ ಊಟ ಮಾಡುವ ಫೋರ್ಟಿನ ಉಡುಪಿ ಹೋಟೆಲಿಗೆ ಕಲ್ಲು ಬಿತ್ತು. ಮಾಲೀಕ ದೂಜ, "ಬೋರ್ಡ್ ಮಾತ್ರ ಇಳಿಸಿದ್ದು ಮಾರಾಯ್ರೆ, ಒಲೆ ಆರಿಸ್ಲಿಲ್ಲ" ಅಂದರಂತೆ. ಇವರು ನಗುತ್ತಾ ಹೇಳಿದರು. ಮರುದಿನ ನಮ್ಮ ಬಾಗಿಲಿನ ಕನ್ನಡ ಹೆಸರಿನ ಹಲಗೆಯೂ ಕಪಾಟು ಸೇರಿತು.

"ಯಹೂದಿಗಳು ಊರು ಬಿಟ್ಟರೆ ನಿನ್ನ ಗಂಟೇನು ಹೋಗತ್ತೆ" ಎಂದು ನನ್ನ ಥೀಸಿಸ್ ಬಗ್ಗೆ ರೇಗಿಸುತ್ತಿದ್ದೆಯಲ್ಲ. ನಾನು ಅದಕ್ಕಾಗಿ ಮಾತಾಡಿಸುತ್ತಿದ್ದ ಭಾಯಖಳಾದ ಮಿಲ್ಕಾಬಾಯಿಯೂ ಇಸ್ರೇಲಿಗೆ ಹೊರಟರು. ಅವರ ಜನ ಕೊಂಕಣಕ್ಕೆ ಬಂದು ಎಷ್ಟೋ ತಲೆಮಾರಾಯಿತು, ಮನೆಮಾತೇ ಮರಾಠಿ. ಹರಕೆಯ ಸಿಹಿ ಅವಲಕ್ಕಿ ನನ್ನ ಕೈಗೂ ಇಟ್ಟರು. ಅವರ ಬಾಗಿಲ ಚೌಕಟ್ಟಿಗೆ ದೇವರ ವಚನವಿರುವ ಪುಟ್ಟ ಕೊಳವೆ ಹೊಡೆದಿರುತ್ತದೆ. ಹೋಗುವಾಗ ಬರುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಅದನ್ನು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡ ಮೇಲೂ ಮಿಲ್ಕಾಬಾಯಿಯ ಕೈ ಆ ಖಾಲಿ ಜಾಗವನ್ನು ಮುಟ್ಟಿತು.

ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಇಲ್ಲಿ ನಿಮಗೆ ಯಾರೂ ತೊಂದರೆ ಕೊಡಲಿಲ್ಲ, ಮತ್ತೆ ಯಾಕೆ ಹೊರಟಿರಿ?

"ಮಕ್ಕಳು ಮೊದಲೇ ಹೋದರು ಪೋರಿ. ಶುಕ್ರವಾರದ ದೀಪ ಒಬ್ಬಳೇ ಎಷ್ಟು ದಿನ ಹಚ್ಚಲಿ?" ಎಂದು ಮರಾಠಿಯಲ್ಲೇ ಹೇಳಿದರು. ಆಮೇಲೆ ನನ್ನ ಮುಖ ನೋಡಿ, "ನೀನು ಯಾವಾಗ ಹೊರಡ್ತೀಯ?" ಎಂದರು.

ನಾನು ಹೋದ ಮನೆಗಳಲ್ಲೆಲ್ಲ ಮೊದಲು ಹೊರಟವರು ಮಕ್ಕಳೇ. ವಿನೋದಿನಿಯನ್ನಾದರೂ ಮೈಸೂರಿಗೆ ಕಳಿಸು ಎಂದು ನೀನು ಬರೆದಿದ್ದನ್ನು ಓದಿದಾಗಲೂ ಇದೇ ಕಣ್ಣಮುಂದೆ ಬಂತು. ಅವಳನ್ನು ಕಳಿಸಿದರೆ ನಾವೂ ಹೊರಟ ಹಾಗೆಯೇ. ಇವರ ಕೆಲಸ, ನನ್ನ ಯೂನಿವರ್ಸಿಟಿ ಎಲ್ಲ ಇಲ್ಲೇ ಇವೆ. ಭಯವಾಗುತ್ತೆ ಅಕ್ಕ, ಮೆಟ್ಟಿಲ ಮೇಲೆ ಸಪ್ಪಳವಾದರೆ ಚಿಲಕ ನೋಡುತ್ತೇನೆ. ಆದರೂ ಮಗುವನ್ನು ಕಳಿಸುವುದಿಲ್ಲ. ಕೋಪ ಮಾಡಿಕೊಳ್ಳಬೇಡ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ತಾಯಿ ಚಾಮುಂಡಿ ಎಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಸರಸು

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಗಲಾಟೆಯ ದಿನ ಲೋಕಲ್ ರೈಲಿನಲ್ಲಿ ವಿನೋದಿನಿ "ಅಮ್ಮಾ, ಅಲ್ಲಿ ಹೊಗೆ ನೋಡು" ಎಂದು ಕೂಗಿದಳು. ಜನ ತಿರುಗಿ ನೋಡಿದರು. ನಾನು ಅವಳ ಬಾಯನ್ನು ಕೈಯಿಂದ ಒತ್ತಿಹಿಡಿದೆ. ಅಂದಿನಿಂದ ಅವಳ ಬಾಯಲ್ಲಿ ಒಂದು ಕನ್ನಡ ಮಾತಿಲ್ಲ. ಈಗ ತಾನೇ ಹತ್ತಿರ ಬಂದು, ಮೊದಲು ಬಾಗಿಲ ಚಿಲಕ ನೋಡಿ, ಮರಾಠಿ ಮಕ್ಕಳ ಹಾಗೆ ನನ್ನನ್ನು "ಆಯಿ" ಎಂದು ಪಿಸುದನಿಯಲ್ಲಿ ಕರೆದಳು.

ಭಾವನವರನ್ನು ಕಳಿಸು ಅಕ್ಕ. ಮಗುವನ್ನು ಕರೆದುಕೊಂಡು ಹೋಗಲಿ.