ಜೀಪು ಮಾರಿದ ಅಪ್ಪನಿಗೆ

ಅಪ್ಪಾ,

ನಿನ್ನ ಮೇಲಿನ ಒಂದು ಸಿಟ್ಟನ್ನು ಹತ್ತು ವರ್ಷ ಸಾಕಿಕೊಂಡು ಬಂದಿದ್ದೆ. ನೀನು ಹೋಗಿ ಏಳು ವರ್ಷವಾದ ಮೇಲೂ ಅದು ಇಳಿದಿರಲಿಲ್ಲ. ಯಾವ ಸಿಟ್ಟು ಅಂತ ನಿನಗೆ ಗೊತ್ತಿರುವುದೇ. ನನಗೆ ಓಡಿಸಲು ಕಲಿಸಿದ ಜೀಪನ್ನು ನನಗೆ ಕೊಡದೆ, ಒಂದು ಮಾತೂ ಕೇಳದೆ, ಇಟಿಕ್ಯಾಲದ ಯಾರಿಗೋ ಮಾರಿಬಿಟ್ಟೆಯಲ್ಲ, ಅದು. ದಸರೆ ಮುಗಿದ ಮೂರನೆಯ ದಿನ ಗದ್ವಾಲಿನ ದವಾಖಾನೆಯ ಬೆಂಚಿನ ಮೇಲೆ ಕೂತು ಅವ್ವ ಒಂದು ಮಾತು ಹೇಳಿದಳು. ಅಂದಿನಿಂದ ನಿನಗೆ ಬರೆಯಬೇಕು ಅಂತ ಕೂತರೆ ಎಲ್ಲಿಂದ ಶುರು ಮಾಡಲಿ ಅನ್ನುವುದೇ ತಿಳಿಯುತ್ತಿಲ್ಲ. ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುವ ಕನ್ನಡ ಟೀಚರಮ್ಮನ ಗತಿ ನೋಡು.

ಮಕ್ತಲ್ ಕೆರೆಯ ಏರಿಯ ಮೇಲೆ ನನ್ನನ್ನು ಮೊದಲ ಸಲ ಸ್ಟೇರಿಂಗ್ ಹಿಂದೆ ಕೂಡಿಸಿದ ಬೆಳಗು ನಿನಗೆ ನೆನಪಿದೆಯೇ? "ಚಪ್ಪಲ್ ಬಿಚ್ಚು" ಅಂದೆ. ಯಾಕೆ ಅಂತ ಕೇಳಿದರೆ, "ಪೆಡಲ್ ಏನ್ ಅಂತೈತಿ ಅನ್ನೂದು ಅಂಗಾಲಿಗಿ ತಿಳೀಬೇಕು. ಕಣ್ಣು ನೋಡೂದ್ರಾಗ ಕಾಲು ಅಲ್ಲಿರಬೇಕು" ಅಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಎತ್ತು ಹೊಡೆದುಕೊಂಡು ಬಂದ ಮುದುಕನೊಬ್ಬ, "ಹೆಣ್ಣ್ ಹುಡುಗಿ ಕೈಯಾಗ ಜೀಪು ಕೊಟ್ಟೀಯಲ್ಲೋ ಶರಣಪ್ಪಾ" ಅಂತ ಕೂಗಿದ. ನೀನು ತಲೆ ಹೊರಗೆ ಹಾಕಿ, "ಹಿಡದಾಕಿ ಹೆಣ್ಣೋ ಗಂಡೋ, ಜೀಪಿಗೇನ್ ಗೊತ್ತಾಗ್ತೈತಿ ಕಾಕಾ" ಅಂದೆ. ಆ ಒಂದು ಮಾತಿನ ಬಲದ ಮೇಲೆ ನಾನು ಇವತ್ತಿಗೂ ಲಾರಿಯವರಿಗೆ ದಾರಿ ಬಿಡದೆ ಓಡಿಸುತ್ತೇನೆ.

ಮಕ್ತಲ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸು ತಪ್ಪಿಸಿಕೊಂಡವರೆಲ್ಲ ನಿನ್ನ ಜೀಪಿಗೇ ಬರುತ್ತಿದ್ದರು. ಹದಿನಾಲ್ಕು ಮಂದಿ, ಎರಡು ಬುಟ್ಟಿ ಬದನೆಕಾಯಿ, ಒಮ್ಮೊಮ್ಮೆ ಒಂದು ಆಡು. ಯಾರೋ ಹೈದರಾಬಾದಿನವರು ಬೆಲ್ಟ್ ಕಟ್ಟಿಕೊಂಡು ಹೊಸ ಕಾರಿನಲ್ಲಿ ಬಂದು ದಾರಿ ಕೇಳಿದ್ದರಲ್ಲ? ಅವರು ಅತ್ತ ಹೋದ ಕೂಡಲೇ, "ಹಗ್ಗ ಕಟ್ಟೂದು ಎತ್ತಿಗಿ, ಡ್ರೈವರಗಲ್ಲ" ಅಂದೆ. ಇಡೀ ಸ್ಟ್ಯಾಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಆ ಮಾತನ್ನು ಎಷ್ಟು ಮಂದಿಯ ಮುಂದೆ ಹೇಳಿಕೊಂಡು ತಿರುಗಿದ್ದೇನೋ.

ತೆಲಂಗಾಣಕ್ಕಾಗಿ ಹೋರಾಟ ನಡೆದಾಗ ನೀನು ನಂಬರ್ ಪ್ಲೇಟಿನ ಎಪಿ ಅಳಿಸಿ, ಕೆಂಪು ಬಣ್ಣದಲ್ಲಿ ಟಿಜಿ ಅಂತ ಬರೆದುಕೊಂಡಿದ್ದೆ. ರಾಜ್ಯ ಬಂದ ದಿನ ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ ಊರೆಲ್ಲ ಮೆರೆಸಿದೆ. ಆಮೇಲೆ ಸರ್ಕಾರ ಟಿಎಸ್ ಅಂದಾಗ, "ನಮ್ಮನ್ನ ಕೇಳ್ದs ಬರದಾರ" ಅಂತ ವಾರವಿಡೀ ಗೊಣಗಿದೆ. ಅದೇ ವರ್ಷ ಜೀಪು ಮಾರಿದೆ. ನಾನು ನಾರಾಯಣಪೇಟೆಯಿಂದ ಬಂದು ನೋಡಿದರೆ ಅಂಗಳ ಖಾಲಿ. ಯಾಕೆ ಮಾರಿದೆ ಅಂದರೆ "ಮಂಡಿ ನೋವು" ಅಂದೆ. ನನಗಾದರೂ ಕೊಡಬಾರದಿತ್ತೇ ಅಂದರೆ ಮಂಡಿ ಸವರಿಕೊಳ್ಳುತ್ತಾ ಕೂತೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಗಂಡು ಮಗನಿದ್ದಿದ್ದರೆ ಮಾರುತ್ತಿದ್ದೆಯಾ ಅಂದೆ. ನಿನಗೆ, ನಿನ್ನಂಥವನಿಗೆ… ಆರು ತಿಂಗಳು ನಿನ್ನ ಜೊತೆ ಮಾತು ಬಿಟ್ಟೆ. ಆಮೇಲೆ ಮಾತಾಡಿದರೂ ಅದು ಮೊದಲಿನ ಮಾತಾಗಿರಲಿಲ್ಲ.

ಈ ಬೇಸಿಗೆಯಲ್ಲಿ ನಾನು ಕಾರು ತಗೊಂಡೆ. ನಂಬರ್ ಪ್ಲೇಟಿನ ಮೇಲೆ ಏನಿದೆ ಗೊತ್ತೇ? ಟಿಜಿ. ನೀನು ಬಣ್ಣದಲ್ಲಿ ಬರೆದದ್ದನ್ನು ಈಗ ಸರ್ಕಾರವೇ ಬರೆದುಕೊಡುತ್ತಿದೆ. ಕಾರನ್ನು ಆರಿಸಿದ್ದು ನಿನ್ನ ಮೊಮ್ಮಗಳು ಗೌರಿ. ಹತ್ತೊಂಬತ್ತಾಯಿತು ಅವಳಿಗೆ, ಆಗಿನ್ನೂ ಡ್ರೈವಿಂಗ್ ಕಲಿಯುತ್ತಿದ್ದಳು. ಈ ಕಾರು ದೊಡ್ಡ ಬಾಯಿಬಡುಕಿ, ಅಪ್ಪಾ. ಬೆಲ್ಟ್ ಹಾಕದಿದ್ದರೆ ಕೂಗುತ್ತದೆ, ಬಿಳಿ ಗೆರೆ ದಾಟಿದರೆ ಸ್ಟೇರಿಂಗನ್ನು ತಾನೇ ಎಳೆಯುತ್ತದೆ, ಮುಂದೆ ಏನಾದರೂ ಅಡ್ಡ ಬಂದರೆ ಮೊದಲು ಕಿರುಚಿ ಆಮೇಲೆ ತಾನೇ ಬ್ರೇಕ್ ಹಾಕುತ್ತದೆ. ನಮ್ಮ ಕಡೆ ಜನ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರಲ್ಲ, ಅದಕ್ಕೂ ಅಂಜಿ ನಿಂತುಬಿಡುತ್ತದೆ. ದಾರಿ ಹೇಳುವ ಹೆಣ್ಣುದನಿ ಕೇಳಿದಾಗಲೆಲ್ಲ ಅವ್ವ, "ಯಾರಕೀ ಒಳಗ ಕುಂತಾಕಿ, ಹೊರಗ ಬಂದು ಮಾತಾಡು ಅನ್ನು" ಅನ್ನುತ್ತಾಳೆ. ನನಗೆ ಬೇಸರ. ನಲವತ್ತು ದಾಟಿದವಳಿಗೆ, ಶರಣಪ್ಪನ ಕೈಯಲ್ಲಿ ಕಲಿತವಳಿಗೆ, ಇದು ಏನು ಕಲಿಸುತ್ತದೆ? ಆದರೂ ನಾಲ್ಕಾರು ತಿಂಗಳಲ್ಲಿ ಅದರ ಕೂಗು ನನಗೆ ರೂಢಿಯಾಗಿತ್ತು. ಎಷ್ಟು ರೂಢಿಯಾಗಿತ್ತು ಅನ್ನುವುದು ನನಗೇ ತಿಳಿದಿರಲಿಲ್ಲ.

ಆಯುಧ ಪೂಜೆಯ ದಿನ ನೀನು ಜೀಪು ತೊಳೆದು, ಮುಂದಿನ ಗಾಜಿನ ಮೇಲ್ತುದಿಗೆ ಸರಿಯಾಗಿ ನಡುವೆ ವಿಭೂತಿಯನ್ನು ಗಟ್ಟಿಯಾಗಿ ಕಲಸಿ ಮೂರು ಬೆರಳು ಎಳೆದು, ನಡುವೆ ಕುಂಕುಮ ಇಡುತ್ತಿದ್ದೆ. ಗಾಡಿಯ ಹಣೆ ಅದು ಅನ್ನುತ್ತಿದ್ದೆ. ನಾನೂ ಹಾಗೇ ಮಾಡಿದೆ. ಗೌರಿ ಓಡಿ ಬಂದು, "ಮಮ್ಮಿ, ಅಲ್ಲಿ ಹಚ್ಚಬ್ಯಾಡ, ಗಾಜಿನ ಹಿಂದ ಕ್ಯಾಮರಾ ಐತಿ. ಅದರಿಂದಾನೇ ಕಾರಿಗಿ ಕಾಣ್ತೈತಿ" ಅಂದಳು. "ನಿಮ್ಮ ಮುತ್ತ್ಯಾ ಹಣಿಗೇ ಹಚ್ಚತಿದ್ದ. ಹಣಿ ಬಿಟ್ಟು ಗಲ್ಲಕ್ಕ ಹಚ್ಚಾಕ ಬರ್ತದೇನು?" ಅಂತ ಗದರಿಸಿದೆ. ಮರುದಿನ ಹೊರಟಾಗ ಪರದೆಯ ಮೇಲೆ ಕ್ಯಾಮರಾ ಮುಚ್ಚಿದೆ, ಒರೆಸಿ ಅಂತ ಇಂಗ್ಲಿಷಿನಲ್ಲಿ ಬಂತು. ದೇವರ ವಿಭೂತಿಯನ್ನು ಒರೆಸಲೇ? ಬಿಟ್ಟೆ. ಕಾರು ಎಳೆಯಲಿಲ್ಲ, ಕಿರುಚಲಿಲ್ಲ. ನಿನ್ನ ಜೀಪಿನಷ್ಟು ಗಂಭೀರವಾಗಿ ಓಡಿತು. ಆ ನಾಲ್ಕು ದಿನ ನಾನು ಎಷ್ಟು ಖುಷಿಯಾಗಿದ್ದೆ ಅಂತ ಹೇಳಲಾರೆ. ಬೆಲ್ಟಿನ ಕೂಗೊಂದು ಮಾತ್ರ ನಿಲ್ಲಲಿಲ್ಲ, ಅದಕ್ಕೆ ಕ್ಯಾಮರಾ ಬೇಕಿಲ್ಲವಂತೆ.

ನಾಲ್ಕನೆಯ ದಿನ ಮಧ್ಯಾಹ್ನ ನೆಂಟರ ಮನೆಯ ಮದುವೆಗೆ ಸೀರೆ ತರಲು ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗದ್ವಾಲಿಗೆ ಹೊರಟೆ. ಅವ್ವ ಸೀರೆ ಮುದುಡುತ್ತದೆ ಅಂತ ಬೆಲ್ಟ್ ಬೇಡ ಅಂದಳು. ಕೂಗಿನ ಕಾಟಕ್ಕೆ ನಾನೇ ಅವಳಿಗೆ ಕಟ್ಟಿದೆ. ಅಮರಚಿಂತ ದಾಟಿದ ಮೇಲೆ, ಅಂಚಿನ ಬಣ್ಣದ ಬಗ್ಗೆ ಅವಳು ಏನೋ ಕೇಳಿದಳು. ನಾನು ಅವಳ ಕಡೆ ತಿರುಗಿ ಹೇಳುತ್ತಿದ್ದೆ. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್ ತಿರುವಿನಲ್ಲಿ ನಿಧಾನವಾಗಿದ್ದು ನನ್ನ ಕಣ್ಣಂಚಿಗೆ ಬಿತ್ತು, ಅಪ್ಪಾ. ಬಿತ್ತು. ಆದರೂ ನಾನು ಮಾತು ಮುಗಿಸಲಿಲ್ಲ. ಕೂಗು ಬಂದರೆ ಬ್ರೇಕ್ ಒತ್ತೋಣ ಅಂತ ನನ್ನ ಕಾಲು ಕಾಯುತ್ತಿತ್ತು. ಕೂಗು ಬರಲಿಲ್ಲ. ಒತ್ತುವಷ್ಟರಲ್ಲಿ…

ದೊಡ್ಡ ಸಪ್ಪಳ. ಒಳಗೆಲ್ಲ ಬಿಳಿ ಚೀಲ ಉಬ್ಬಿ, ಹೊರಗೆ ಬಾನೆಟ್ಟಿನ ಮೇಲೆ ಹತ್ತಿ. ಅವ್ವ ಕಣ್ಣು ಮುಚ್ಚಿಕೊಂಡೇ, "ಹತ್ತಿ ಒಳಗ ಬಂತೇನು" ಅಂದಳು. ಟ್ರ್ಯಾಕ್ಟರಿನವನು ಜಿಗಿದು ಬಂದು, "ಏಮೈಂದಮ್ಮಾ, ದೆಬ್ಬ ತಗಿಲಿಂದಾ" ಅಂತ, ಪೆಟ್ಟಾಯಿತೇನೋ ಅಂತ ತೆಲುಗಿನಲ್ಲಿ ಕೇಳುತ್ತಾ ಬಾಗಿಲು ತೆಗೆದ. ಅವನೇ ಯಾವುದೋ ಆಟೋ ನಿಲ್ಲಿಸಿ ದವಾಖಾನೆಗೆ ಕಳಿಸಿದ. ಅವ್ವನ ಮಣಿಕಟ್ಟು ಬಾತಿತ್ತು, ಭುಜದ ಮೇಲೆ ಬೆಲ್ಟಿನ ನೀಲಿ ಬರೆ ಎದ್ದಿತ್ತು. ನನಗೂ ಅದೇ ಬರೆ. ಅಷ್ಟೇ. ಡಾಕ್ಟರು ಬರುವವರೆಗೆ ನಾನು ಅಳುತ್ತಾ ಕೂತಿದ್ದೆ. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ ಅಂದೆ.

"ಅಳಬ್ಯಾಡ. ನಿಮ್ಮಪ್ಪಗೂ ಹಿಂಗs ಆಗಿತ್ತು" ಅಂದಳು ಅವ್ವ. ನೋವಿಲ್ಲದ ಕೈಯಿಂದ ತನ್ನ ಹುಬ್ಬಿನ ಮೇಲಿನ ಹಳೆಯ ಗಾಯ ತೋರಿಸಿದಳು. ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ನೀವಿಬ್ಬರೂ ಹೇಳಿದ್ದ ಗಾಯ.

"ಇಟಿಕ್ಯಾಲಕ್ಕ ಬೀಗರ ಮನಿಗೆ ಹೊಂಟಿದ್ವಿ. ಎಮ್ಮಿ ಅಡ್ಡ ಬಂತು. ಆತ ನೋಡ್ಯಾನ, ಕಾಲು ತಡಾ ಆತು. ನಾ ಹೋಗಿ ಗಾಜಿಗಿ ಬಡದೆ. ನನ್ನ ರಕ್ತಾ ಒರಸ್ಕೋತ ಆತ ಅಲ್ಲೇ ರಸ್ತಾದಾಗ ಕುಂತ ಅತ್ತ. ಯಾರ್ಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ. ಆ ವಾರದಾಗೇ ಜೀಪು ಮಾರಿದ."

"ನನಗ ಕೊಡಬೌದಿತ್ತಲ್ಲವ್ವಾ" ಅಂದೆ. ಹತ್ತು ವರ್ಷದ ಮಾತು, ಅಲ್ಲಿಯೂ ಬಿಡದೆ ಬಂತು.

"ನಾನೂ ಕೇಳಿದ್ನಿ. ಏನಂದ ಗೊತ್ತೇನು? ಆಕಿ ಕಾಲು ನನಗಿಂತ ಚಲೋ ಐತಿ. ಆದ್ರ ಒಂದಿಲ್ಲೊಂದು ದಿನ ಆಕಿ ಕಾಲೂ ತಡಾ ಆಗ್ತೈತಿ. ಅವತ್ತ ಆಕಿ ಈ ಬೆಲ್ಟಿಲ್ಲದ ಜೀಪಿನ್ಯಾಗ ಇರಬಾರದು. ಸಿಟ್ಟಾದ್ರ ಆಗ್ಲಿ ಅಂದ."

ಅಪ್ಪಾ, ಇದನ್ನು ನನಗೇ ಹೇಳಿದ್ದರೆ ಏನಾಗುತ್ತಿತ್ತು? ಸ್ಟ್ಯಾಂಡಿನ ಮಂದಿ ನಗುತ್ತಾರೆ ಅಂತ ಅಂಜಿದೆಯಾ? ನಾನು ನಗುತ್ತೇನೆ ಅಂತಲೇ? ಮಗಳ ಕಣ್ಣಲ್ಲಿ ಕೆಟ್ಟ ಡ್ರೈವರ್ ಆಗುವ ಬದಲು ಕೆಟ್ಟ ಅಪ್ಪ ಆಗುವುದು ಮೇಲು ಅಂದುಕೊಂಡೆಯಾ? ನಾನು ಅಷ್ಟು ಮಾತು ಅಂದಾಗಲೂ ನೀನು ಮಂಡಿ ಸವರಿಕೊಳ್ಳುತ್ತಾ ಕೂತಿದ್ದೆಯಲ್ಲ.

ಮನೆಗೆ ಬಂದಾಗ ಎಲ್ಲರೂ ಕಾರನ್ನೇ ಬೈಯುತ್ತಿದ್ದರು, ಇಷ್ಟೆಲ್ಲ ಇದ್ದೂ ಕೈಕೊಟ್ಟಿತಲ್ಲ ಅಂತ. ಗೌರಿ ಮಾತ್ರ ಮೂಲೆಯಲ್ಲಿ ನಿಂತು, ತಾನೇ ಅವತ್ತು ವಿಭೂತಿ ಒರೆಸಬೇಕಿತ್ತು ಅಂತ ಕಣ್ಣೀರು ಹಾಕುತ್ತಿದ್ದಳು. ನಾನೂ ಸುಮ್ಮನಿದ್ದುಬಿಡಬಹುದಿತ್ತು. ನಿನ್ನ ಮಗಳಲ್ಲವೇ, ನಾಲಿಗೆ ತುದಿಗೆ ಒಂದು ನೆಪ ಬಂದೇ ಇತ್ತು. ಅವಳನ್ನು ಹೊರಗೆ ಕರೆದುಕೊಂಡು ಹೋಗಿ, "ವಿಭೂತಿದೂ ತಪ್ಪಲ್ಲ, ಕ್ಯಾಮರಾದ್ದೂ ಅಲ್ಲ. ನಾ ನೋಡೀನಿ, ನನ್ನ ಕಾಲು ತಡಾ ಆತು" ಅಂದೆ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ, "ನಂಗೂ ಆಗ್ತೈತೇನು ಮಮ್ಮಿ?" ಅಂತ ಕೇಳಿದಳು. ಆಗುತ್ತದೆ ಅಂದೆ. ಆದ ದಿನ ಮೊದಲು ನನಗೆ ಹೇಳಬೇಕು ಅಂತ ಮಾತು ತಗೊಂಡೆ.

ಅವಳಿಗೆ ಮೊನ್ನೆ ಲೈಸೆನ್ಸ್ ಬಂತು. ಚಪ್ಪಲಿ ಬಿಚ್ಚಿಯೇ ಓಡಿಸುತ್ತಾಳೆ, ಬೆಲ್ಟನ್ನೂ ಹಾಕುತ್ತಾಳೆ. ಅವ್ವನ ಕೈ ವಾಸಿಯಾಗಿದೆ, ಈಗ ಬೆಲ್ಟ್ ಕೊಡು ಅಂತ ತಾನೇ ಕೇಳುತ್ತಾಳೆ. ನಾನು ನಿನಗೆ ಅಂದ ಮಾತುಗಳನ್ನು ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ, ಗೊತ್ತು. ತಪ್ಪಾಯಿತು ಅಪ್ಪಾ. ಜೀಪು ಮಾರಿದ್ದು ಸರಿಯಾಗಿತ್ತು. ನೀನು ಹೇಳಿದ ಆ ದಿನ ಬಂದು ಹೋಯಿತು, ನಾನು ಉಳಿದಿದ್ದೇನೆ.

ನಿನ್ನ
ನೀಲಾ