ದೊರೆಯ ಒದ್ದೆ ಅಂಗಿ

ಬೇಕರಿಯ ಮೇಲಿನ ಮನೆ,
ಮೇ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ದೊರೆಯ ಅಮ್ಮನಿಗೆ,

ಹೇಗಿದ್ದೀಯ? ನಿನ್ನ ಒಣಕೆಮ್ಮು ಕಡಿಮೆಯಾಯಿತೇ? ಅತ್ತೆ ಈಗ ಗೋಡೆ ಹಿಡಿದುಕೊಂಡು ಬಚ್ಚಲವರೆಗೆ ನಡೆಯುತ್ತಾರೆ ಎಂದು ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ಸೊಂಟ ಮುರಿದರೂ ಅವರ ನಾಲಿಗೆಗೆ ಏನೂ ಆಗಿಲ್ಲ ಎಂಬುದೂ ಅದೇ ಪತ್ರದಿಂದ ತಿಳಿಯಿತು. ಅದೂ ಚೇತರಿಕೆಯ ಲಕ್ಷಣವೇ ಇರಬೇಕು. ಫೋನ್ ಬಿಟ್ಟು ಇವರೂ ಪತ್ರ ಬರೆಯಲು ಕುಳಿತರಲ್ಲ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಾನು ಇದ್ದೇನೆ. ನಿನ್ನ ಪತ್ರದಲ್ಲಿ ದೊರೆಯ ಬಗ್ಗೆ ಒಂದು ಪೂರ್ತಿ ಪುಟ ಇತ್ತು: ನೀರು ಕುಡಿಯುತ್ತಾನಾ, ಮೂಗು ಒಣಗಿದೆಯಾ, ಮಧ್ಯಾಹ್ನ ಎಲ್ಲಿ ಮಲಗುತ್ತಾನೆ, ಅಂಗಿ ಹಾಕುತ್ತಿದ್ದೀರಾ. ನನ್ನ ಪಾಲಿಗೆ ಕೊನೆಯಲ್ಲಿ 'ನೀವೂ ಹುಷಾರು' ಅಂತ ಎರಡೇ ಪದ. ಆ 'ನೀವೂ' ಎಂಬುದರಲ್ಲಿ ನಾಯಿಯ ಬಾಲ ಹಿಡಿದುಕೊಂಡು ನಾನೂ ಒಳಗೆ ಬಂದೆನಲ್ಲ, ಅಷ್ಟಾದರೂ ಆಯಿತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ ಅಂತಿಟ್ಟುಕೋ.

ಇಲ್ಲಿಯ ಸೆಕೆಯನ್ನು ಏನೆಂದು ಬರೆಯಲಿ. ಮೇಲೆ ತಾರಸಿ ಕಾಯುತ್ತದೆ, ಕೆಳಗೆ ಬೇಕರಿಯವನ ಒಲೆ ಉರಿಯುತ್ತದೆ, ನಡುವೆ ನಾನೂ ದೊರೆಯೂ ಬ್ರೆಡ್ಡಿನ ಹಾಗೆ ಬೇಯುತ್ತಿದ್ದೇವೆ. ಅಡುಗೆಮನೆಯ ನೆಲದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ದೊರೆಗೆ ಮೊದಲೇ ಮೈತುಂಬ ಕಂಬಳಿಯಂಥ ಕೂದಲು, ಮೇಲೆ ವಯಸ್ಸು ಬೇರೆ. ಊರಿನವರ ಫ್ರಿಜ್ಜು, ಏಸಿ ರಿಪೇರಿ ಮಾಡುವ ನನ್ನ ಮನೆಯಲ್ಲೇ ಒಂದು ಏಸಿ ಇಲ್ಲ ಎಂದು ಬೇಕರಿಯವನು ಸಿಕ್ಕಾಗಲೆಲ್ಲ ನಗುತ್ತಾನೆ. ಹಾಕಿಯೂ ನೋಡಿದೆ ಎಂದು ಅವನಿಗೂ ಗೊತ್ತು. ಅವನ ಹಿಟ್ಟು ಕಲಸುವ ಯಂತ್ರ ಶುರುವಾದ ಕೂಡಲೇ ಇಡೀ ಕಟ್ಟಡದ ಕರೆಂಟು ಹೋಯಿತು. ಮಾಲೀಕ ಬಂದು ಕಿತ್ತುಹಾಕಿಸಿದ. ಹಾಗಾಗಿ ದೊರೆಗೆ ಉಳಿದಿರುವುದು ನೀನು ಹೊಲಿದುಕೊಟ್ಟ, ನೀರಿನಲ್ಲಿ ಅದ್ದಿ ತೊಡಿಸುವ ತಂಪಿನ ಅಂಗಿಯೊಂದೇ.

ಆ ಅಂಗಿಯ ಕಥೆಯನ್ನು ನಿನಗೇ ಹೇಳಬೇಕಾಗಿಲ್ಲ. ಅಂಗಡಿಯಿಂದ ತಂದ ದಿನ ದೊರೆಗಳು ಅದನ್ನು ಹರಿದು ಚಿಂದಿ ಮಾಡಿ, ನನ್ನ ಮುಂದೆ ತಂದು ಹಾಕಿ, ಬಾಲ ಅಲ್ಲಾಡಿಸಿದ್ದರು. ನೀನು ಆ ಚಿಂದಿಗಳನ್ನು ಜೋಡಿಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕುಳಿತೆ. ನಿನ್ನ ಮೈಮೇಲಿದ್ದ ನೀಲಿ ಅಂಗಿಯನ್ನು ಬಿಚ್ಚಿ ಕತ್ತರಿಸಿ ಅದಕ್ಕೆ ಒಳಪದರ ಹೊಲಿದೆ. 'ಇನ್ನು ಹೇಗೆ ಬೇಡ ಅಂತಾನೋ ನೋಡೋಣ' ಅಂದೆ. ಬೇಡ ಅನ್ನಲಿಲ್ಲ. ಒದ್ದೆ ಅಂಗಿಯೊಳಗೆ ತಲೆ ತೂರಿಸಿ, ಮದುವಣಿಗನ ಹಾಗೆ ಮನೆಯಿಡೀ ತಿರುಗಿದ.

ಈಗ ಬೇಸರದ ಸುದ್ದಿಗೆ ಬರುತ್ತೇನೆ. ಮೊದಲು ಇದನ್ನು ಓದು: ಅವನು ಬದುಕಿದ್ದಾನೆ. ಈ ಪತ್ರ ಬರೆಯುವಾಗ ನನ್ನ ಕಾಲಿನ ಪಕ್ಕದಲ್ಲೇ ಇದ್ದಾನೆ.

ಕಳೆದ ವಾರ ಬಿಸಿಗಾಳಿ ಜೋರಾದಾಗ ನಾನು ಕೆಲಸಕ್ಕೆ ಹೋಗುವ ಮೊದಲು ಅಂಗಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅವನಿಗೆ ತೊಡಿಸಿದೆ. ಆಮೇಲೆ ಕಿಟಕಿ ಬಾಗಿಲೆಲ್ಲ ಭದ್ರವಾಗಿ ಹಾಕಿ, ಸಂದಿಗಳಿಗೆ ಫ್ರಿಜ್ ಬಾಗಿಲಿನ ಹಳೆಯ ರಬ್ಬರ್ ಪಟ್ಟಿಗಳನ್ನು ತುರುಕಿದೆ. ಫ್ಯಾನನ್ನೂ ಆರಿಸಿದೆ, ಬಿಸಿಗಾಳಿಯನ್ನೇ ತಿರುಗಿಸುತ್ತದೆ ಅಂತ. ನನ್ನ ಕಸುಬಿನಲ್ಲಿ ಮೊದಲ ಪಾಠವೇ ಅದು, ತಂಪು ಬೇಕಾದರೆ ಬಾಗಿಲು ಮುಚ್ಚು. ಎಷ್ಟು ಮನೆಗಳಲ್ಲಿ ಹೆಂಗಸರಿಗೆ ಈ ಮಾತನ್ನು ಗದರಿಕೊಂಡು ಹೇಳಿದ್ದೇನೋ. ಸಂಜೆ ಬಂದು ಬೀಗ ತೆಗೆದರೆ ಮುಖಕ್ಕೆ ಹಬೆ ಬಡಿಯಿತು. ದೊರೆ ಬಚ್ಚಲ ಬಾಗಿಲಲ್ಲಿ ಮಗ್ಗುಲಾಗಿ ಬಿದ್ದಿದ್ದ, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಕರೆದರೆ ಕಣ್ಣು ಕೂಡ ಹೊರಳಿಸಲಿಲ್ಲ. ಮೆಟ್ಟಿಲ ಬಳಿ ನಿಂತು ಕೂಗಿಕೊಂಡೆ. ಬೇಕರಿಯವನು ನನ್ನ ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿಬಂದ. ಇಬ್ಬರೂ ಸೇರಿ ದೊರೆಯನ್ನು ಬ್ರೆಡ್ ಟ್ರೇಯ ಮೇಲೆ ಮಲಗಿಸಿ, ಮೆಟ್ಟಿಲಿಳಿಸಿ, ಬೇಕರಿಯ ಡೆಲಿವರಿ ಗಾಡಿಯಲ್ಲಿ ಡಾಕ್ಟರ ಹತ್ತಿರ ಒಯ್ದೆವು.

ಡಾಕ್ಟರಮ್ಮ ನನಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. 'ಒದ್ದೆ ಬಟ್ಟೆಗೆ ಗಾಳಿ ಬೇಕು ಕಣ್ರೀ. ನೀರು ಆರ್‍ತಾ ಹೋದ್ರೆ ತಾನೆ ತಂಪು? ಮುಚ್ಚಿದ ಕೋಣೇಲಿ ಅದು ಬಿಸಿ ಟವೆಲ್ ಸುತ್ತಿದ ಹಾಗೆ' ಅಂದರು. ಇಷ್ಟು ಸಣ್ಣ ವಿಷಯ. ತಲೆಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ಸೈಕಲ್ ಹೊಡೆಯುವ ಯಾರಿಗಾದರೂ ಗೊತ್ತಿರುವ ವಿಷಯ. ಈ ಸಲ ಬದುಕಿಕೊಂಡ, ಆದರೆ ಮೂತ್ರಪಿಂಡ ಸೋತಿದೆ, ಇನ್ನೊಮ್ಮೆ ಹೀಗೆ ಮೈ ಕಾದರೆ ತಡೆಯುವುದಿಲ್ಲ ಎಂದೂ ಹೇಳಿದರು. ಮಳೆ ಹಿಡಿಯಲು ಇನ್ನೂ ವಾರಗಟ್ಟಲೆ ಬಾಕಿ ಇದೆ.

ಈಗ ಕಿಟಕಿಗಳೆಲ್ಲ ತೆರೆದೇ ಇವೆ, ಫ್ಯಾನು ಅವನ ಕಡೆಗೇ ತಿರುಗಿದೆ. ನಾನು ದೂರದ ಕೆಲಸ ಬಿಟ್ಟಿದ್ದೇನೆ, ಹತ್ತಿರದ ಮನೆಗಳಿಗೆ ಹೋಗಿ ನಡುನಡುವೆ ಓಡಿಬಂದು ಅಂಗಿ ಒದ್ದೆ ಮಾಡುತ್ತೇನೆ. ಸರಿಯಾಗಿ ಮಾಡುವುದನ್ನು ಕಲಿತೆ ನೋಡು. ಕಲಿತ ಹೊತ್ತಿಗೆ ಅವನು ಅಂಗಿಯನ್ನೇ ಒಲ್ಲೆ ಅನ್ನುತ್ತಿದ್ದಾನೆ.

ಮೊದಲು ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಅಲ್ಲ. ಅಂಗಿಯನ್ನು ಹಿಡಿದರೆ ಹತ್ತಿರ ಬರುತ್ತಾನೆ, ಒಳಪದರಕ್ಕೆ ಮೂಗು ಒತ್ತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕುತ್ತಾನೆ, ಕಂಕುಳ ಹತ್ತಿರದ ಹೊಲಿಗೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ಉಸಿರು ಬಿಟ್ಟು, ಹೊಸ್ತಿಲ ಹತ್ತಿರ ನಿನ್ನ ಚಪ್ಪಲಿ ಇರುತ್ತಿದ್ದ ಜಾಗಕ್ಕೆ ಹೋಗಿ ಆ ಕಾದ ನೆಲದ ಮೇಲೇ ಮಲಗುತ್ತಾನೆ. ಬಲವಂತವಾಗಿ ತೊಡಿಸಿದರೆ ಹಲ್ಲಿನಿಂದ ಕಿತ್ತೆಸೆಯುತ್ತಾನೆ. ನಾನೂ ಮೂಸಿ ನೋಡಿದೆ, ನಗಬೇಡ. ಬರೀ ಒದ್ದೆ ಬಟ್ಟೆಯ ವಾಸನೆ. ದಿನಕ್ಕೆ ಎಷ್ಟೋ ಸಲ ಅದ್ದಿ ಹಿಂಡಿ, ಅವನನ್ನು ಉಳಿಸುತ್ತೇನೆಂದುಕೊಂಡು, ಅದರಲ್ಲಿದ್ದ ನಿನ್ನನ್ನು ನನ್ನ ಕೈಯಾರೆ ತೊಳೆದು ಹಾಕಿದ್ದೇನೆ.

ನನ್ನ ಬನಿಯನ್ನನ್ನು ಒಳಗಿಟ್ಟು ನೋಡಿದೆ. ಒಮ್ಮೆ ಸೀನಿದ, ಅಷ್ಟೇ ನನ್ನ ಬೆಲೆ. ಹಾಗಾದರೆ ನಿನ್ನ ಬೇರೆ ಬಟ್ಟೆ ಹುಡುಕೋಣ ಎಂದು ಬೀರು ತೆಗೆದೆ. ನೀನು ಬಿಟ್ಟುಹೋದ ಬಟ್ಟೆಗಳೆಲ್ಲ ಒಗೆದು, ಇಸ್ತ್ರಿಯಾಗಿ, ಮಡಚಿ ಇದ್ದವು. ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಟವೆಲ್ಲೂ ಇಲ್ಲ, ದಿಂಬಿನ ಕವರು ಕೂಡ ಒಗೆದದ್ದೇ. ಎಷ್ಟು ಅಚ್ಚುಕಟ್ಟು ಎಂದು ಮೊದಲು ಅನಿಸಿತು. ಆಮೇಲೆ ಮಂಚದ ಮೇಲೆ ಕುಳಿತುಬಿಟ್ಟೆ. ಅಮ್ಮನ ಸೊಂಟ ಕೂಡುವವರೆಗೆ ಅಂತ ಹೊರಟವಳು, ತಿರುಗಿ ಬರುವವಳು, ಒಗೆಯದ ಬಟ್ಟೆ ಒಂದನ್ನಾದರೂ ಬಿಟ್ಟುಹೋಗುತ್ತಾಳೆ. ನನಗೆ ಇದು ತಿಳಿಯಲು ಇಷ್ಟು ತಿಂಗಳು ಹಿಡಿಯಿತು. ನಾಯಿಗೆ ಬಹುಶಃ ಅವತ್ತೇ ತಿಳಿದಿತ್ತು.

ಹಾಗಾಗಿ ಅಲ್ಲಿಯ ಸಮವಸ್ತ್ರದ ಹೊಲಿಗೆ ಕೆಲಸ ಖಾಯಂ ಆಯಿತು ಎಂದು ನೀನು ಬರೆದದ್ದು ಓದಿ ಎದೆ ಧಸಕ್ಕೆನ್ನಲಿಲ್ಲ. ಸಂತೋಷ ಎಂದು ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸು. 'ನೀವು ಎಲ್ಲಾನೂ ಮುಚ್ಚಿಡ್ತೀರಿ, ನಿಮ್ಮ ಜೊತೆ ಉಸಿರಾಡೋಕೂ ಆಗಲ್ಲ' ಎಂದು ಹೋಗುವ ಹಿಂದಿನ ದಿನ ನೀನು ಅಂದಿದ್ದೆ. ನಾನು ಆಗ ಅಡುಗೆಮನೆಯ ಕಿಟಕಿ ಹಾಕುತ್ತಿದ್ದೆ, ಕಿಟಕಿಯ ವಿಷಯವೇ ಇರಬೇಕು ಎಂದುಕೊಂಡೆ. ಡಾಕ್ಟರಮ್ಮನ ಎದುರು ಕುಳಿತಾಗ ಆ ಮಾತು ನೆನಪಾಯಿತು. ನೀನು ತಿರುಗಿ ಬಂದರೆ ಅದು ಇವನನ್ನು ನೋಡಲು ಎಂದು ನನಗೆ ಗೊತ್ತು. ಇವನೂ ಇಲ್ಲವಾದರೆ ಈ ಮೆಟ್ಟಿಲು ಹತ್ತಲು ನಿನಗೆ ಕಾರಣವೇ ಇರುವುದಿಲ್ಲ. ಈ ಭಯದಲ್ಲೇ ಬೆಳಗಾಗುತ್ತದೆ, ಈ ಭಯದಲ್ಲೇ ಅವನ ಕಿವಿ ಮುಟ್ಟಿ ಬಿಸಿ ನೋಡುತ್ತೇನೆ. ಈಗ ತಾನೇ ನೋಡಿದೆ, ಸ್ವಲ್ಪ ಬಿಸಿಯೇ ಇದೆ.

ಬೇಕರಿಯವನು ನಿನ್ನನ್ನು ಕೇಳಿದ. ಅತ್ತೆಗೆ ನನ್ನ ನಮಸ್ಕಾರ ತಿಳಿಸು, ಅವರು ಮುಖ ತಿರುಗಿಸಿದರೂ ತಿಳಿಸು. ಹೊಲಿಗೆ ಮಾಡುವಾಗ ದೀಪ ಹತ್ತಿರ ಇಟ್ಟುಕೋ, ಕಣ್ಣು ಹಾಳು ಮಾಡಿಕೊಳ್ಳಬೇಡ. ನೀನು ಎಲ್ಲಿದ್ದರೂ ನಿನ್ನ ಕೋಣೆಗೆ ಗಾಳಿ ಬೆಳಕು ಚೆನ್ನಾಗಿರಲಿ.

ಇಂತು,
ದೊರೆಯ ಆಳು

ಮರೆತೆ: ಬೇಕರಿಯವನ ಗಾಡಿ ಹೊರಡುತ್ತಿದೆ, ಅಂಚೆಗೆ ಅವನೇ ಹಾಕುತ್ತಾನಂತೆ, ಬೇಗ ಬರೆಯುತ್ತೇನೆ. ನೀನು ಬರಬೇಕಾಗಿಲ್ಲ. ದಿನವಿಡೀ ತೊಟ್ಟ ಹತ್ತಿಯ ಅಂಗಿಯೊಂದನ್ನು ಒಗೆಯದೆ ಕಳಿಸು, ಹಳೆಯದಾದರೂ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟು, ಇದೊಂದನ್ನು ಮಾತ್ರ ಮುಚ್ಚಿಯೇ ಕಳಿಸಬೇಕು. ಒಳಪದರ ನಾನೇ ಹೊಲಿಯುತ್ತೇನೆ, ವಕ್ರವಾದರೂ ಅವನು ಏನೂ ಅನ್ನುವುದಿಲ್ಲ. ಆದರೆ ಎರಡು ಕಳಿಸು. ಒಂದನ್ನು ನಾನು ನೀರಿಗೆ ಹಾಕುವುದಿಲ್ಲ.