ಹಂದಿಗಳ ಕೃಪೆಯಿಂದ ಅಕ್ಕಾ ಸೇರಿದ ಹಿಟ್ಟು

ಅಕ್ಕಾ ಕೋಟೆ, ಬಂದರಿನ ಉಗ್ರಾಣ
ರಜಬ್ ತಿಂಗಳು, ಶುಕ್ರವಾರದ ನಮಾಜು ಮುಗಿದ ಮೇಲೆ

ಪ್ರೀತಿಯ ಅಮ್ಮಾ, ನಿನ್ನ ಎರಡೂ ಕೈಗಳಿಗೆ ಮುತ್ತು.

ಬೈರೂತ್ ಪಟ್ಟಣದ ಸಮಸ್ತ ನಾಗರಿಕರಿಗೂ, ವಿಶೇಷವಾಗಿ ನಮ್ಮ ಓಣಿಯ ಬಾವಿಕಟ್ಟೆಯ ಮಹಾಸಭೆಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಕಿರಿಯ ಮಗ ಝಾಫಿರನ ಗಡ್ಡವು ಇನ್ನಿಲ್ಲ. ನೀನೇ ಆಲಿವ್ ಎಣ್ಣೆ ಹಚ್ಚಿ ಬೆಳೆಸಿದ, ನೋಡಿದವರೆಲ್ಲ ಕಾಜಿಯ ಗಡ್ಡದಂತಿದೆ ಎಂದು ಹೊಗಳುತ್ತಿದ್ದ ಆ ಗಡ್ಡವು ಬೈರೂತಿನ ಹಡಗುಕಟ್ಟೆಯಲ್ಲಿ ಕುರಿ ತುಪ್ಪಳ ಕತ್ತರಿಸುವ ಕತ್ತರಿಯಿಂದ ವೀರಮರಣ ಹೊಂದಿತು. ಸೌಟು ಕೆಳಗಿಡು ಅಮ್ಮಾ, ಅಣ್ಣ ಬದುಕಿದ್ದಾನೆ. ಕಣ್ಣಾರೆ ಕಂಡೆ, ಕೈಯಾರೆ ಮುಟ್ಟಿದೆ, ಅವನಿಂದ ಬೈಸಿಕೊಂಡೂ ಆಯಿತು. ಈಗ ಬೇಕಾದರೆ ಕೂತು ಅಳು, ಅತ್ತು ಮುಗಿದ ಮೇಲೆ ಮುಂದಕ್ಕೆ ಓದಿಸು.

ಸುದ್ದಿಗೆ ಮೊದಲು ಕ್ಷೇಮ ವಿಚಾರಿಸಬೇಕೆಂಬ ಮರ್ಯಾದೆ ನನಗೂ ಗೊತ್ತು. ನಿನ್ನ ಮಂಡಿನೋವು ಹೇಗಿದೆ? ಬಿಸಿ ಉಪ್ಪಿನ ಗಂಟು ಇಡುತ್ತಿದ್ದೀಯಾ, ಅಥವಾ ಪಕ್ಕದ ಮನೆಯ ನುಸೈಬಾ ಇಡು ಅಂದಳೆಂಬ ಒಂದೇ ಕಾರಣಕ್ಕೆ ಇಡುತ್ತಿಲ್ಲವಾ? ಆಡು ಹಾಲು ಕೊಡುತ್ತಿದೆಯೇ, ಇಲ್ಲ ಇನ್ನೂ ಒದೆಯುತ್ತಲೇ ಇದೆಯೇ? ನಾನು ಆರೋಗ್ಯವಾಗಿದ್ದೇನೆ. ಬೋಳು ಕೆನ್ನೆಗೆ ಸಮುದ್ರದ ಗಾಳಿ ತಾಗಿದರೆ ಹೇಗಿರುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು, ಅಷ್ಟೇ.

ಇಲ್ಲಿನ ಪರಿಸ್ಥಿತಿಯನ್ನು ಈರುಳ್ಳಿಯಂತೆ ಊಹಿಸಿಕೋ. ನಡುವಿನ ತಿರುಳು ಅಕ್ಕಾ. ಅದರ ಸುತ್ತ ಫರಂಗಿಗಳ ಮುತ್ತಿಗೆ. ಆ ಫರಂಗಿಗಳ ಸುತ್ತ ನಮ್ಮ ಸುಲ್ತಾನರ ಮುತ್ತಿಗೆ. ಎಲ್ಲರೂ ಎಲ್ಲರನ್ನೂ ಉಪವಾಸ ಕೆಡವುವ ಪವಿತ್ರ ಕಾರ್ಯದಲ್ಲಿ ತೊಡಗಿದ್ದಾರೆ. ನೆಲದ ದಾರಿ ಇಲ್ಲವೇ ಇಲ್ಲ, ಇರುವುದು ಸಮುದ್ರವೊಂದೇ. ಅಲ್ಲಿ ಹುಟ್ಟು ಹಾಕಿ ಓಡಿಸುವ ಅವರ ಗಲೆ ಹಡಗುಗಳು ನಮ್ಮ ಓಣಿಯ ಬೆಕ್ಕುಗಳು ಮೀನಿನಂಗಡಿಯ ಮುಂದೆ ಕೂರುವಂತೆ ಬಂದರಿನ ಬಾಯಿಗೆ ಕೂತಿವೆ. ಹಾಗಾಗಿ ನಮ್ಮ ನಾಯಕ ಬುದೈರನಿಗೆ ಆ ಮಹೋನ್ನತ ಯೋಚನೆ ಹೊಳೆದದ್ದು: ನಾವೇ ಫರಂಗಿಗಳಾಗಿಬಿಡೋಣ. ಗಡ್ಡ ಬೋಳಿಸಿದೆವು. ಹಾಯಿಗೆ ಶಿಲುಬೆ ಹೊಲಿದೆವು. ಇಷ್ಟು ಸಾಲದೆಂದು ಹಡಗಿನ ಅಟ್ಟದ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ, ಹಂದಿಗಳನ್ನು ಬಿಟ್ಟೆವು.

ಹೌದು ಅಮ್ಮಾ, ಹಂದಿಗಳು. ಬೆಟ್ಟದ ಮೇಲಿನ ಸಿಮಾನ್ ಕೊಟ್ಟದ್ದು. ಅವನು ಶಿಲುಬೆಯವನಾದರೂ ನಮ್ಮೂರಿನವನು, ಫರಂಗಿ ಭಾಷೆಯನ್ನು ಅವರಿಗಿಂತ ಜೋರಾಗಿ ಮಾತಾಡುವವನು. ಹಂದಿ ಕೊಟ್ಟು ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. “ನಿಮ್ಮ ಕೈಗೆ ಬಿಟ್ರೆ ನನ್ನ ಹಂದಿಗಳು ಹಸಿದು ಸಾಯ್ತವೆ ಕಣ್ರಯ್ಯ, ಮುಟ್ಟೋಕೇ ಹೇಸ್ತೀರಿ ನೀವು” ಎಂದು ಗೊಣಗುತ್ತ ತಾನೂ ಹತ್ತಿದ. ಸಿಕ್ಕಿಬಿದ್ದರೆ ಮೊದಲು ಹೋಗುವ ತಲೆ ತನ್ನದೇ ಎಂದು ಅವನಿಗೆ ಗೊತ್ತಿತ್ತು. ಫರಂಗಿಗಳಿಗೆ ನಾವು ಬರೀ ಶತ್ರುಗಳು, ಅವನೋ ದ್ರೋಹಿ.

ದಾರಿಯುದ್ದಕ್ಕೂ ನಮ್ಮ ನಾವಿಕರು ನಿಲುವಂಗಿಯನ್ನು ಮೊಣಕಾಲಿಗೆತ್ತಿಕೊಂಡು, ಕೆಸರು ಗದ್ದೆ ದಾಟುವ ಮದುಮಗಳಂತೆ ಹಂದಿಗಳ ನಡುವೆ ಓಡಾಡುತ್ತಿದ್ದರು. ಅಡುಗೆಯ ವಹ್ಬಾನ್ ಮಾಮನಂತೂ ಒಂದು ಹಂದಿ ತನ್ನ ಕಡೆ ನೋಡಿದ್ದಕ್ಕೇ ಕೈಕಾಲು ತೊಳೆದುಕೊಂಡ. “ಅದು ನೋಡಿದ್ರೆ ತೊಳೀಬೇಕಾಗಿಲ್ಲ ಮಾಮ” ಎಂದರೆ, “ಅದು ನೋಡಿದ ರೀತಿ ನೀನು ನೋಡಿಲ್ಲ” ಎಂದ.

ಅಕ್ಕಾದ ಉತ್ತರಕ್ಕಿರುವ ಬೆಟ್ಟದ ಮೂತಿ ದಾಟುತ್ತಿದ್ದಂತೆ ಫರಂಗಿ ಗಲೆಯೊಂದು ಹತ್ತಿರ ಬಂತು. ಎಷ್ಟು ಹತ್ತಿರವೆಂದರೆ ಅವರ ಬಿಲ್ಲುಗಾರನ ಮೂಗಿನ ಮೇಲಿನ ಮಚ್ಚೆ ಕಾಣುತ್ತಿತ್ತು. ನಮ್ಮ ಅಟ್ಟದ ಕೆಳಗೆ ಹಿಟ್ಟು, ಈರುಳ್ಳಿ, ಗಿಣ್ಣು, ಕುರಿಗಳು, ಕೋಟೆಯೊಳಗಿನವರ ಪ್ರಾಣ. ಅಟ್ಟದ ಮೇಲೆ ನಾವು, ಫರಂಗಿಗಳ ಹಾಗೆ ಕಾಲು ಅಗಲಿಸಿ ಸೋಮಾರಿಯಾಗಿ ನಿಲ್ಲಲು ಬೆವರು ಸುರಿಸುತ್ತಿದ್ದೆವು. ಅವರು ಏನೋ ಕೂಗಿ ಕೇಳಿದರು. ಸಿಮಾನ್ ಏನೋ ಕೂಗಿ ಬೈದ. ಬೈಗುಳ ಸರಿಯಾದ ಕಡೆ ತಾಗಿತೆಂದು ತೋರುತ್ತದೆ, ಅವರು ನಕ್ಕರು. ಗಲೆ ಇನ್ನೇನು ಪಕ್ಕಕ್ಕೆ ಸರಿಯಬೇಕು, ಆಗ ವಹ್ಬಾನ್ ಮಾಮ ಸೀನಿದ.

ಸೀನಿದ್ದು ತಪ್ಪಲ್ಲ. ಫರಂಗಿಗಳೂ ಸೀನುತ್ತಾರೆ. ಆದರೆ ನಮ್ಮವನು ಸೀನಿದ ಮೇಲೆ ಸುಮ್ಮನಿರುವುದುಂಟೆ? ತೊಟ್ಟಿಲಿನಿಂದ ಕಲಿತ ನಾಲಿಗೆ, ದೇವರನ್ನು ಸ್ತುತಿಸಲು ತಾನಾಗಿ ಹೊರಟೇಬಿಟ್ಟಿತು: “ಅಲ್‌ಹಮ್ದು...” ಇನ್ನೂ ಘೋರವೆಂದರೆ, ಅದಕ್ಕೆ ಉತ್ತರವಾಗಿ ದೇವರು ಅವನಿಗೆ ಕರುಣೆ ತೋರಲೆಂದು ಹೇಳಲು ಇಡೀ ಹಡಗೇ ಬಾಯಿ ತೆರೆದಿತ್ತು. ನಾನೂ ತೆರೆದಿದ್ದೆ ಅಮ್ಮಾ, ನೀನೇ ಕಲಿಸಿದ ಒಳ್ಳೆಯ ಅಭ್ಯಾಸ. ಒಬ್ಬ ಮುದುಕನ ನೆಗಡಿಗೆ ಹರಸಲು ಹೋಗಿ ಒಂದು ಪಟ್ಟಣವನ್ನೇ ಉಪವಾಸ ಕೊಲ್ಲುವವರಿದ್ದೆವು.

ಮಾಮನಿಗೆ ಅರ್ಧದಲ್ಲೇ ಅರಿವಾಯಿತು. ಉಳಿದರ್ಧವನ್ನು ನುಂಗಲು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟವನು ಎಲ್ಲಕ್ಕಿಂತ ದೊಡ್ಡ ಹಂದಿಯ ಬಾಲ ತುಳಿದು, ಅದರ ಮೇಲೆಯೇ ಕೂತುಬಿಟ್ಟ. ಆ ಹಂದಿ ಕೂಗಿದ ಕೂಗಿದೆಯಲ್ಲ, ಅಂಥ ಮಧುರ ಧ್ವನಿಯನ್ನು ನಾನು ಯಾವ ಮಿನಾರಿನಿಂದಲೂ ಕೇಳಿಲ್ಲ. ದೇವರು ಕ್ಷಮಿಸಲಿ. ಮಾಮನ ಅಲ್‌ಹಮ್ದು, ನಮ್ಮೆಲ್ಲರ ಹರಕೆ, ಎಲ್ಲವೂ ಆ ಕೂಗಿನಲ್ಲಿ ಮುಳುಗಿಹೋಯಿತು. ಹೆದರಿದ ಹಂದಿ ಮಾಮನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅಟ್ಟದ ತುಂಬ ಓಡಿತು. ಅದು ಸಮುದ್ರಕ್ಕೆ ಹಾರದಿರಲೆಂದು ಬುದೈರ್ ಅದರ ಕೊರಳನ್ನು ತಬ್ಬಿಕೊಂಡ. ಎದುರಿನ ಗಲೆಯಲ್ಲಿ ಹುಟ್ಟು ಹಾಕುವವರು ಹುಟ್ಟು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಮೂಗಿನ ಮಚ್ಚೆಯವನು ಕಣ್ಣೊರೆಸಿಕೊಳ್ಳುತ್ತ ನಮಗೆ ಹೋಗಿ ಎಂದು ಕೈ ಬೀಸಿದ. ಹಂದಿಯನ್ನು ತಬ್ಬಿಕೊಂಡವನು ಮುಸಲ್ಮಾನನಿರಬಹುದೆಂದು ಯಾವ ಫರಂಗಿ ತಾನೇ ನಂಬಿಯಾನು?

ಗಾಳಿ ಹಾಯಿಗೆ ತುಂಬಿತು. ಬಂದರಿನ ಗೋಪುರ ಹತ್ತಿರವಾದಾಗ ಬುದೈರ್ ಚುಕ್ಕಾಣಿ ತಿರುಗಿಸಿ ನೇರ ಒಳಗೆ ನುಗ್ಗಿಸಿದ. ಮೋಸ ತಿಳಿದು ಅವರು ಬೆನ್ನಟ್ಟಿದಾಗ ಬಂದರಿನ ಬಾಯಿಗೆ ಅಡ್ಡಗಟ್ಟುವ ಸರಪಳಿ ನಮ್ಮ ಹಿಂದೆ ಮೇಲೆದ್ದಾಗಿತ್ತು.

ಕಟ್ಟೆಯ ಮೇಲೆ ಇಳಿದವರನ್ನು ಯಾರೂ ನೋಡಲಿಲ್ಲ, ಮೂಟೆಗಳನ್ನು ನೋಡಿದರು. ಹೆಂಗಸೊಬ್ಬಳು ಹಿಟ್ಟಿನ ಮೂಟೆಗೆ ಕೆನ್ನೆಯಿಟ್ಟು ಸುಮ್ಮನೆ ನಿಂತಿದ್ದಳು. ಅದನ್ನು ಕಂಡಮೇಲೆ ಗಡ್ಡದ ದುಃಖ ನನಗೆ ಉಳಿಯಲಿಲ್ಲ. ಅಣ್ಣ ಮುಹ್ಸಿನ್ ಸಿಕ್ಕಿದ್ದು ಗೋಡೆಯ ಹತ್ತಿರ. ಕಲ್ಲೆಸೆಯುವ ಯಂತ್ರವೊಂದರ ಹಗ್ಗ ಎಳೆಯುವ ಗುಂಪಿನಲ್ಲಿದ್ದಾನೆ. ಆ ಯಂತ್ರಕ್ಕೆ ಅವರು ‘ಅತ್ತೆ’ ಎಂದು ಹೆಸರಿಟ್ಟಿದ್ದಾರೆ. ಎಷ್ಟೇ ಭಾರದ್ದನ್ನು ಕೊಟ್ಟರೂ ಎತ್ತಿ ಆಚೆ ಬಿಸಾಡುತ್ತದಂತೆ. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ ಪಕ್ಕದವನಿಗೆ ಹೇಳಿದ: “ಯಾವನೋ ಫರಂಗಿ ಕಣೋ ಇವ್ನು, ನಮ್ಮಮ್ಮನ ಮೂಗು ಕದ್ಕೊಂಡು ಬಂದಿದ್ದಾನೆ!” ಆಮೇಲೆ ಗುರುತು ಹಿಡಿದು, ಅಮ್ಮನನ್ನು ಒಬ್ಬಳೇ ಬಿಟ್ಟು ಯಾಕೆ ಬಂದೆ ಎಂದು ಬೈದು, ಬೈಯುತ್ತಲೇ ಬಿಗಿಯಾಗಿ ಅಪ್ಪಿಕೊಂಡ. ಸ್ವಲ್ಪ ಇಳಿದುಹೋಗಿದ್ದಾನೆ, ಅಷ್ಟೇ.

ಈ ದಿನಗಳಲ್ಲಿ ನನ್ನ ಪ್ರಾರ್ಥನೆ ಬಹಳ ಉದ್ದವಾಗಿದೆ ಅಮ್ಮಾ. ದೇವರಿಗೆ, ಗಾಳಿಗೆ, ಬುದೈರನಿಗೆ, ಎಲ್ಲರಿಗಿಂತ ಹೆಚ್ಚಾಗಿ ಸಿಮಾನನಿಗೆ ಕೃತಜ್ಞತೆ ಹೇಳುತ್ತೇನೆ. ಕೊನೆಯಲ್ಲಿ ಇನ್ನೊಂದು ಜೀವಕ್ಕೂ ಹೇಳುತ್ತೇನೆ, ಹೆಸರೆತ್ತದೆ. ಇಲ್ಲಿನ ಇಮಾಮರಿಗೆ ತಿಳಿದರೆ ಕಷ್ಟ. ಹಂದಿಗಳು ಮರುಪ್ರಯಾಣಕ್ಕೂ ಬೇಕಾದ್ದರಿಂದ ಸುಖವಾಗಿವೆ. ವಹ್ಬಾನ್ ಮಾಮ ಏಳು ಬಾರಿ ಸ್ನಾನ ಮಾಡಿ, ಈಗ ಯಾರಿಗೂ ಕಾಣದಂತೆ ದೊಡ್ಡದಕ್ಕೆ ಕಲ್ಲಂಗಡಿ ಸಿಪ್ಪೆ ತಿನ್ನಿಸುತ್ತಾನೆ.

ನುಸೈಬಾಳಿಗೆ ಪ್ರೀತಿ, ಓಣಿಯ ಹಿರಿಯರಿಗೆಲ್ಲ ಸಲಾಮು. ನಿನ್ನ ನೆರಳು ನಮ್ಮ ಮೇಲೆ ಸದಾ ಇರಲಿ.

ನಿನ್ನ ಬೋಳುಗೆನ್ನೆಯ ಮಗ,
ಝಾಫಿರ್

ಮರೆತಿದ್ದೆ: ಬುದೈರ್ ಅವಸರ ಮಾಡುತ್ತಿದ್ದಾನೆ, ಗಾಳಿ ತಿರುಗಿದೆಯಂತೆ. ಈ ಪತ್ರ ಅವನ ಕೈಲಿ ಬರುತ್ತದೆ, ಅಣ್ಣನೂ ಅದೇ ಹಡಗಿನಲ್ಲಿ ಬರುತ್ತಾನೆ. ಸ್ವಲ್ಪ ಇಳಿದಿದ್ದಾನೆ ಎಂದು ಬರೆದೆನಲ್ಲ, ಸ್ವಲ್ಪವಲ್ಲ ಅಮ್ಮಾ. ಅಪ್ಪಿಕೊಂಡಾಗ ಅವನ ಪಕ್ಕೆಲುಬು ನನಗೆ ಚುಚ್ಚಿತು. ಜ್ವರ ಬಿಟ್ಟೂಬಿಟ್ಟು ಬರುತ್ತಿದೆ, ಹಗ್ಗ ಹಿಡಿದರೆ ಕೈ ನಡುಗುತ್ತದೆ. ಒಬ್ಬ ಹೊರಗೆ ಹೋಗಬೇಕಾದರೆ ಅವನ ಹಗ್ಗಕ್ಕೆ ಇನ್ನೊಬ್ಬ ನಿಲ್ಲಬೇಕೆಂಬುದು ಇಲ್ಲಿಯ ಕಟ್ಟಳೆ, ನಾನು ನಿಂತಿದ್ದೇನೆ. ಅವನಿಗೆ ಹೇಳಿಲ್ಲ. ಬೈರೂತಿನಿಂದ ಗಂಧಕ ತರಲು ಕಳಿಸುತ್ತಿದ್ದೇವೆಂದು ದಳಪತಿಯೇ ನನಗಾಗಿ ಒಂದು ಸುಳ್ಳು ಹೇಳಿದ್ದಾನೆ, ಒಳ್ಳೆಯ ಮನುಷ್ಯ. ಅಲ್ಲಿ ವಿಷಯ ತಿಳಿದಾಗ ಅಕ್ಕಾಗೆ ವಾಪಸು ಹೋಗುತ್ತೇನೆಂದು ಅಣ್ಣ ಹಟ ಮಾಡುತ್ತಾನೆ, ಮಾಡಲಿ. ನಿನ್ನಿಂದ ಆಗಬೇಕಾದದ್ದು ಇಷ್ಟೇ: ಮೊದಲ ಕೆಲವು ದಿನ ಅವನಿಗೆ ತೆಳು ಗಂಜಿ ಮಾತ್ರ ಕೊಡು, ಬೊಗಸೆಯಷ್ಟೇ, ಆಗಾಗ. ಬಹಳ ದಿನ ಹಸಿದ ಹೊಟ್ಟೆ ತುಂಬ ತಿಂದರೆ ತಡೆಯುವುದಿಲ್ಲ, ಇಲ್ಲಿ ಕಂಡಿದ್ದೇನೆ. ಕಾಲು ಹಿಡಿದು ಬೇಡಿದರೂ ಮಾಂಸ ಬೇಡ. ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಮಲಗು.